ಅಬೊರಿಜಿನಲ್ ಚಿತ್ರ ಇರೋ ಟೀಮ್ ಶರ್ಟ್ ಮಾಡಿಸ್ಬೇಕಾ? ಚುಕ್ಕಿ ಇಡೋಕೆ ಮುಂಚೆ ಇದನ್ನ ಓದಿ

2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದಲ್ಲಿ ಒಂದು ಟಿ20 ಆಯ್ತಲ್ಲ, ನಮ್ಮ ಕೆ.ಎಲ್. ರಾಹುಲ್ 51 ಹೊಡೆದಿದ್ದು, ಜಡೇಜಾ ಬದಲಿಗೆ ಚಹಲ್ ಬಂದು ಮ್ಯಾಚ್ ತಿರುಗಿಸಿದ್ದು, ಅದೇ ಮ್ಯಾಚು. ತಲೆಗೆ ಪೆಟ್ಟಾದವರ ಬದಲಿಗೆ ಇನ್ನೊಬ್ಬರನ್ನ ಇಳಿಸೋ ಆ ಕನ್ಕಶನ್ ಗಲಾಟೆ ಎಲ್ಲರಿಗೂ ನೆನಪಿರುತ್ತೆ, ಆದ್ರೆ ಅವತ್ತು ಆಸ್ಟ್ರೇಲಿಯಾದವ್ರು ಹಾಕ್ಕೊಂಡಿದ್ದ ಶರ್ಟ್ ಯಾರೂ ಸರಿಯಾಗಿ ಗಮನಿಸಿರಲ್ಲ. ಅದನ್ನ ಡಿಸೈನ್ ಮಾಡಿದ್ದು ಆಂಟಿ ಫಿಯೋನಾ ಕ್ಲಾರ್ಕ್ ಮತ್ತೆ ಕೋರ್ಟ್ನಿ ಹೇಗನ್ ಅನ್ನೋ ಇಬ್ರು ಅಬೊರಿಜಿನಲ್, ಅಂದ್ರೆ ಆಸ್ಟ್ರೇಲಿಯಾದ ಮೂಲನಿವಾಸಿ, ಹೆಂಗಸರು. ಫಿಯೋನಾ ಅವರು ವಿಕ್ಟೋರಿಯಾದ ಕಿರೈ ವುರ್ರಂಗ್ ಜನಕ್ಕೆ ಸೇರಿದವರು, 1868ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಅಬೊರಿಜಿನಲ್ ಕ್ರಿಕೆಟ್ ಟೀಮಲ್ಲಿ ಆಡಿದ್ದ ಗ್ರೊಂಗಾರೊಂಗ್ ಅನ್ನೋರ ವಂಶಸ್ಥರು. ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಹೋದ ಮೊಟ್ಟಮೊದಲ ಟೀಮೇ ಅದು, 47 ಮ್ಯಾಚ್ ಆಡಿ 14 ಗೆದ್ದು 14 ಸೋತು 19 ಡ್ರಾ ಮಾಡ್ಕೊಂಡು ಬಂದ್ರು. ಅಂದ್ರೆ ಆ ಶರ್ಟ್ ಮೇಲಿದ್ದದ್ದು ಒಂದು ಮನೆತನದ ನೆನಪು, ಚೆನ್ನಾಗಿ ಕಾಣುತ್ತೆ ಅಂತ ಎಲ್ಲಿಂದಲೋ ತಂದು ಅಂಟಿಸಿದ ಪ್ಯಾಟರ್ನ್ ಅಲ್ವೇ ಅಲ್ಲ. ಅದೇ ಟೂರ್‌ನ ಬಾಕ್ಸಿಂಗ್ ಡೇ ಟೆಸ್ಟಲ್ಲಿ ರಹಾನೆಗೆ ಕೊಟ್ರಲ್ಲ ಮುಲ್ಲಾ ಮೆಡಲ್, ಅದು ಕೂಡ 1868ರ ಟೀಮಿನ ಜಾನಿ ಮುಲ್ಲಾ ಹೆಸರಿನದ್ದೇ.

ಇದನ್ನ ಬರೀತಿರೋದು ಎರಡು ಥರದ ಜನಕ್ಕೆ. ಮೆಲ್ಬರ್ನ್, ಸಿಡ್ನಿ, ಪರ್ತ್ ಕಡೆ ವೀಕೆಂಡ್ ಕ್ಲಬ್ಬಲ್ಲಿ ಆಡ್ಕೊಂಡು ಕಮಿಟಿಯಲ್ಲೂ ಸಿಕ್ಕಾಕ್ಕೊಂಡಿರೋ ನಮ್ಮವ್ರು, "ನೀನು ಕಂಪ್ಯೂಟರ್ ಹುಡುಗ ತಾನೇ, ಈ ವರ್ಷ ಇಂಡಿಜಿನಸ್ ರೌಂಡ್‌ಗೆ ಒಂದು ಶರ್ಟ್ ಮಾಡ್ಸು" ಅಂತ ಸೆಕ್ರೆಟರಿ ಕೈಲಿ ಹೇಳಿಸ್ಕೊಂಡವ್ರು (ಇಂಡಿಜಿನಸ್ ರೌಂಡ್ ಅಂದ್ರೆ ಮೂಲನಿವಾಸಿಗಳ ಗೌರವಕ್ಕೆ ಅಂತ ಆಡೋ ಸುತ್ತು). ಇನ್ನೊಂದು, ಬೆಂಗಳೂರಲ್ಲೋ ಮೈಸೂರಲ್ಲೋ ಕೂತು ಫ್ರೀಲ್ಯಾನ್ಸ್ ಜೆರ್ಸಿ ಡಿಸೈನ್ ಮಾಡೋವ್ರು, ಆಸ್ಟ್ರೇಲಿಯಾದಿಂದ "ಅಬೊರಿಜಿನಲ್ ಸ್ಟೈಲಲ್ಲಿ ಒಂದು ಕೊಡಿ" ಅಂತ ಆರ್ಡರ್ ಬಂದಾಗ ಸರಿ ಅಂತ ಒಪ್ಕೊಳ್ಳೋವ್ರು. ಇಬ್ರಿಗೂ ಹೇಳೋದು ಒಂದೇ. ಈ ಕೆಲಸದಲ್ಲಿ ಚಿತ್ರ ಬರೆಯೋರು ನೀವಲ್ಲ. ಬರೆದವರ ಚಿತ್ರ ಕೆಡದ ಹಾಗೆ ಬಟ್ಟೆ ಮೇಲೆ ಕೂರಿಸೋದಷ್ಟೇ ನಿಮ್ಮ ಕೆಲಸ, ಅದೇ ಬೇಕಾದಷ್ಟು ಕಷ್ಟ ಇದೆ.

ಹಾಗಾಗಿ ಮೊದಲು ಇಲ್ಲಸ್ಟ್ರೇಟರ್ ಸಾಫ್ಟ್‌ವೇರ್ ಕ್ಲೋಸ್ ಮಾಡಿ. ಸ್ಟಾಕ್ ಸೈಟಲ್ಲಿ "ಅಬೊರಿಜಿನಲ್ ಡಾಟ್ ವೆಕ್ಟರ್" ಅಂತ ಹುಡುಕಿದ್ರೆ ಸಾವಿರ ಸಿಗುತ್ತೆ, ಎಐಗೆ ಹೇಳಿದ್ರೆ ಅರ್ಧ ನಿಮಿಷದಲ್ಲಿ ಕೊಡುತ್ತೆ, ಎರಡನ್ನೂ ಮುಟ್ಬೇಡಿ. ಯಾಕೆ ಅಂದ್ರೆ ಅಲ್ಲಿನ ಚಿತ್ರಗಳು ಒಂದು ಜಾಗಕ್ಕೆ, ಒಂದು ಕುಲಕ್ಕೆ, ಎಷ್ಟೋ ಸಲ ಒಂದು ಕುಟುಂಬಕ್ಕೆ ಸೇರಿರುತ್ತೆ, ಯಾವ ಕಥೆ ಯಾರು ಬರೀಬಹುದು ಅನ್ನೋದಕ್ಕೆ ಅವರಲ್ಲೇ ಕಟ್ಟುಪಾಡು ಇದೆ, ಗಂಡಸರ ಕಥೆ ಬೇರೆ ಹೆಂಗಸರ ಕಥೆ ಬೇರೆ ಅಂತಲೂ ಇದೆ. ಸಾಗರದ ಕಡೆ ದೀವರ ಮನೆಗಳಲ್ಲಿ ಮದುವೆಗೆ ಬರೆಯೋ ಹಸೆ ಚಿತ್ತಾರನ ಯಾರೋ ಗೂಗಲ್‌ನಿಂದ ಎತ್ಕೊಂಡು, ಅದು ಏನು ಎತ್ತ ಅಂತ ಕೇಳ್ದೆ, ಕಬಡ್ಡಿ ಟೀಮಿನ ಚಡ್ಡಿ ಮೇಲೆ ಪ್ರಿಂಟ್ ಹೊಡೆದ್ರೆ ಬರೆದ ಹೆಂಗಸ್ರಿಗೆ ಹೇಗನ್ಸುತ್ತೆ ಯೋಚ್ನೆ ಮಾಡಿ.

ಕಲಾವಿದರನ್ನ ಹುಡುಕೋಕೆ ಮುಂಚೆ ನಿಮ್ಮ ಗ್ರೌಂಡ್ ಯಾರ ನೆಲದ ಮೇಲಿದೆ ಅಂತ ತಿಳ್ಕೊಳ್ಳಿ. ಆಸ್ಟ್ರೇಲಿಯಾ ಪೂರ್ತಿ 250ಕ್ಕೂ ಹೆಚ್ಚು ಭಾಷೆಗಳಿದ್ದ ದೇಶ, ಕ್ಯಾನ್‌ಬೆರಾದಲ್ಲಿರೋ ಐಯಾಟ್ಸಿಸ್ ಅನ್ನೋ ಮೂಲನಿವಾಸಿಗಳ ಅಧ್ಯಯನ ಸಂಸ್ಥೆ ಒಂದು ಮ್ಯಾಪ್ ಮಾಡಿದೆ, ನಮ್ಮಲ್ಲಿ ಜಿಲ್ಲೆಗಳ ಮ್ಯಾಪ್ ಇರುತ್ತಲ್ಲ ಹಾಗೆ ಬಣ್ಣ ಬಣ್ಣದ ತುಂಡುಗಳು, ಗೆರೆಗಳು ಮಾತ್ರ ಮಸುಕು. ಅದನ್ನ ನೋಡಿದ್ರೆ ಒಂದು ಅಂದಾಜು ಸಿಗುತ್ತೆ. ಆಮೇಲೆ ಲೋಕಲ್ ಕೌನ್ಸಿಲ್‌ಗೆ ಫೋನ್ ಮಾಡಿದ್ರೆ ಅಲ್ಲಿನ ಟ್ರೆಡಿಷನಲ್ ಓನರ್ಸ್, ಅಂದ್ರೆ ಆ ನೆಲದ ಮೂಲ ಒಡೆಯರ, ಸಂಸ್ಥೆ ಯಾವ್ದು ಅಂತ ಹೇಳ್ತಾರೆ. ಮೆಲ್ಬರ್ನ್ ಸಿಟಿ ಕಡೆ ಆದ್ರೆ ವುರುಂಡ್ಜೆರಿ, ಬೂನ್‌ವುರಂಗ್, ಪರ್ತ್ ಕಡೆ ಆದ್ರೆ ನೂಂಗರ್, ಅಡಿಲೇಡ್ ಕಡೆ ಕೌರ್ನಾ. ಅದಕ್ಕೂ ಸುಲಭದ ದಾರಿ ಅಂದ್ರೆ ನಿಮ್ಮ ಕ್ಲಬ್ಬಲ್ಲೇ ಅಬೊರಿಜಿನಲ್ ಹುಡುಗ್ರು ಆಡ್ತಿದ್ರೆ ಅವರನ್ನ ಮೊದಲು ಕೇಳಿ, ಅವರ ಅತ್ತೆನೋ ಅಜ್ಜಿನೋ ಚಿತ್ರ ಬರೆಯೋರು ಇರೋ ಸಾಧ್ಯತೆ ಜಾಸ್ತಿ, ಎಎಫ್ಎಲ್‌ನ (ಅಲ್ಲಿನ ಫುಟ್ಬಾಲ್ ಲೀಗ್) ದೊಡ್ಡ ಟೀಮುಗಳಲ್ಲೂ ಎಷ್ಟೋ ಸಲ ಹಿಂಗೇ ಆಗಿರೋದು. ಯಾರೂ ಸಿಗ್ಲಿಲ್ಲ ಅಂದ್ರೆ ಸಪ್ಲೈ ನೇಷನ್ ಅನ್ನೋ ಪಟ್ಟಿ ಇದೆ, ಇಂಡಿಜಿನಸ್ ಜನರೇ ಮಾಲೀಕರಾಗಿರೋ ಬಿಸಿನೆಸ್‌ಗಳದ್ದು, ಅದರಲ್ಲಿ ಡಿಸೈನ್ ಸ್ಟುಡಿಯೋಗಳೂ ಇದಾವೆ.

ಮಾತಾಡುವಾಗ ಒಂದು ವಿಷ್ಯ. ಅವರಲ್ಲಿ ಹಿರಿಯರನ್ನ ಆಂಟಿ, ಅಂಕಲ್ ಅಂತಾರೆ, ಅದು ಗೌರವ, ನಮಗೆ ಹೇಳಿಕೊಡ್ಬೇಕಾಗಿಲ್ಲ. ಆದ್ರೆ ಬೇರೆಯವ್ರು ಕರೀತಿದಾರೆ ಅಂತ ನೀವು ಮೊದಲ ಮೇಲ್‌ನಲ್ಲೇ ಶುರು ಹಚ್ಕೋಬೇಡಿ, ಹೇಗೆ ಕರೀಲಿ ಅಂತ ಕೇಳಿದ್ರೆ ಅವ್ರೇ ಹೇಳ್ತಾರೆ. ಮೊದಲ ಮೇಲ್‌ನಲ್ಲಿ ಶರ್ಟ್ ಎಷ್ಟು, ಯಾವ ಮ್ಯಾಚಿಗೆ, ಮಾರ್ತೀರಾ ಅಥವಾ ಆಟಗಾರರಿಗೆ ಮಾತ್ರಾನಾ, ಎಷ್ಟು ದುಡ್ಡು ಕೊಡ್ತೀರಾ, ಸ್ಪಾನ್ಸರ್ ಯಾರು, ಇಷ್ಟೂ ಬರೀರಿ. "ನಿಮಗೆ ಒಳ್ಳೆ ಎಕ್ಸ್‌ಪೋಷರ್ ಸಿಗುತ್ತೆ" ಅನ್ನೋ ಸಾಲು ಬರೆಯೋ ಹಾಗಿದ್ರೆ ಮೇಲ್ ಕಳಿಸ್ಲೇಬೇಡಿ.

ಈಗ ಚಿತ್ರಗಳ ವಿಷಯಕ್ಕೆ ಬರೋಣ, ಡಿಸೈನರ್‌ಗೆ ಓದೋಕಾದ್ರೂ ಬರ್ಬೇಕಲ್ವಾ. ಅಬೊರಿಜಿನಲ್ ಆರ್ಟ್ ಅಂದ ತಕ್ಷಣ ನಮಗೆಲ್ಲ ಚುಕ್ಕಿ ಚುಕ್ಕಿ ಚಿತ್ರವೇ ಕಣ್ಮುಂದೆ ಬರುತ್ತೆ, ಅದು ಇಡೀ ಖಂಡದ್ದಲ್ಲ, ಮಧ್ಯದ ಮರುಭೂಮಿ ಕಡೆಯದ್ದು. ಅಲೈಸ್ ಸ್ಪ್ರಿಂಗ್ಸ್‌ನಿಂದ ಸುಮಾರು 240 ಕಿಲೋಮೀಟರ್ ದೂರದ ಪಪುನ್ಯಾ ಅನ್ನೋ ಊರಲ್ಲಿ 1971ರಲ್ಲಿ ಹಿರಿಯರು ಸ್ಕೂಲ್ ಗೋಡೆ ಮೇಲೆ ಜೇನಿರುವೆ ಕಥೆ ಬರೆದ್ರು, ಜೆಫ್ರಿ ಬಾರ್ಡನ್ ಅನ್ನೋ ಮೇಷ್ಟ್ರು ಬಣ್ಣ ಕೊಟ್ಟು ಜೊತೆಗಿದ್ರು, ಅಲ್ಲಿಂದ ಮರಳಿನ ಮೇಲೆ ಮೈ ಮೇಲೆ ಬರೀತಿದ್ದ ಚಿತ್ರ ಹಲಗೆಗೆ, ಆಮೇಲೆ ಕ್ಯಾನ್ವಾಸ್‌ಗೆ ಬಂತು. ಹೊರಗಿನವ್ರು ನೋಡಬಾರದ ಗುಟ್ಟಿನ ಗುರುತುಗಳನ್ನ ಮುಚ್ಚೋಕೂ ಚುಕ್ಕಿ ತುಂಬಿಸ್ತಿದ್ರು ಅಂತಾರೆ. ಉತ್ತರಕ್ಕೆ ಆರ್ನ್‌ಹೆಮ್ ಲ್ಯಾಂಡ್‌ಗೆ ಹೋದ್ರೆ ರಾರ್ಕ್, ಅಂದ್ರೆ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನ ಒಂದರ ಮೇಲೊಂದು ಅಡ್ಡಡ್ಡ ಎಳೆದು ಮರದ ತೊಗಟೆ ಮೇಲೆ ಬರೆಯೋದು, ಯಾವ ಕುಲದವ್ರು ಅಂತ ಆ ಗೆರೆಗಳಲ್ಲೇ ಗೊತ್ತಾಗುತ್ತೆ. ಆಗ್ನೇಯಕ್ಕೆ, ವಿಕ್ಟೋರಿಯಾ ನ್ಯೂ ಸೌತ್ ವೇಲ್ಸ್ ಕಡೆ, ಹಳೇ ಗುರಾಣಿಗಳ ಮೇಲೆ, ಪಾಸಮ್ ಅನ್ನೋ ಪ್ರಾಣಿಯ ಚರ್ಮದ ಹೊದಿಕೆಗಳ ಒಳಭಾಗದಲ್ಲಿ ಕೊರೆದಿರೋದು ವಜ್ರಾಕಾರ, ಅಂಕುಡೊಂಕು ಗೆರೆ, ಒಂದರೊಳಗೊಂದು ಕೂತ ಕೋನಗಳು. ಹಾಗಿದ್ಮೇಲೆ ಮೆಲ್ಬರ್ನ್ ಕ್ಲಬ್ ಒಂದು, ಮೆಲ್ಬರ್ನ್ ನೆಲದ ಕಥೆ ಅಂತ ಹೇಳ್ಕೊಂಡು ಮರುಭೂಮಿ ಚುಕ್ಕಿ ಹಾಕಿದ್ರೆ ಗೊತ್ತಿರೋವ್ರು ಮುಖ ಕಿವುಚ್ತಾರೆ. ಹಂಗಂತ ಆಗ್ನೇಯದ ಕಲಾವಿದರು ಚುಕ್ಕಿನೇ ಇಡಬಾರ್ದು ಅಂತೇನಿಲ್ಲ, ಈಗ ತುಂಬ ಜನ ಇಡ್ತಾರೆ, ಅದು ಅವರ ಇಷ್ಟ. ಕ್ಲಬ್ಬು "ಚುಕ್ಕಿ ಜಾಸ್ತಿ ಹಾಕಿ, ಜನಕ್ಕೆ ಬೇಗ ಗೊತ್ತಾಗುತ್ತೆ" ಅಂತ ಹೇಳೋದು ಮಾತ್ರ ತಪ್ಪು. ಇನ್ನು ವಾಯವ್ಯದ ಕಿಂಬರ್ಲಿ ಕಡೆಯ ವಾಂಡ್ಜಿನಾ, ದೊಡ್ಡ ಕಣ್ಣಿನ ಬಾಯಿಯಿಲ್ಲದ ಮುಖ, ಅದು ಪವಿತ್ರ, ಅಲ್ಲಿನ ಮೂರು ಜನಾಂಗದವ್ರಿಗೆ ಬಿಟ್ಟು ಬೇರೆಯವ್ರು ಬರೆಯೋ ಹಾಗೇ ಇಲ್ಲ. ಟೀ ಶರ್ಟ್ ಮೇಲೆ ಅದನ್ನ ಕಂಡ್ರೆ ಏನೋ ಎಡವಟ್ಟಾಗಿದೆ ಅಂತಲೇ ತಿಳ್ಕೊಳ್ಳಿ.

ಶರ್ಟುಗಳಲ್ಲಿ ಹೆಚ್ಚಾಗಿ ಕಾಣೋ ಗುರುತುಗಳು ಹೇಳ್ತೀನಿ. ಇಂಗ್ಲಿಷ್ ಯು ಅಕ್ಷರದ ಥರ ಇರೋದು ಕೂತಿರೋ ಮನುಷ್ಯ, ಮರಳಲ್ಲಿ ಕೂತೆದ್ದ ಗುರುತು ಹಂಗೇ ಇರುತ್ತೆ ನೋಡಿ. ಅದರ ಪಕ್ಕ ಉದ್ದ ಗೆರೆ ಇದ್ರೆ ಈಟಿ, ಗಂಡಸು. ಪಕ್ಕದಲ್ಲಿ ಮೊಟ್ಟೆಯಾಕಾರದ ಮರದ ಬೋಗುಣಿ, ಅಗೆಯೋ ಕೋಲು ಇದ್ರೆ ಹೆಂಗಸು. ಒಂದರೊಳಗೊಂದು ವೃತ್ತ ಅಂದ್ರೆ ಜನ ಸೇರೋ ಜಾಗ, ಬಿಡಾರ, ನೀರಿನ ಗುಂಡಿ. ಎರಡು ವೃತ್ತ ಸೇರಿಸೋ ಗೆರೆ ನಡೆದ ದಾರಿ, ಅಲೆಅಲೆಯಾಗಿದ್ರೆ ನೀರು. ಬಾಣದ ತುದಿ ಥರ ಮೂರು ಬೆರಳು ಎಮು ಹಕ್ಕಿ ಹೆಜ್ಜೆ. ಇದನ್ನ ಕನ್ನಡ ವರ್ಣಮಾಲೆ ಕಲಿತ ಹಾಗೆ ಕಲಿತು ನೀವೇ ವಾಕ್ಯ ಕಟ್ಟೋಕೆ ಹೋಗ್ಬೇಡಿ. ಅದೇ ವೃತ್ತ ಒಬ್ಬರಿಗೆ ನೀರು, ಇನ್ನೊಬ್ಬರಿಗೆ ಒಲೆ, ಮತ್ತೊಬ್ಬರಿಗೆ ಹೇಳಬಾರದ ಜಾಗ. ಕ್ರೀಡೆಯಲ್ಲಿ ಈ ಗುರುತುಗಳನ್ನ ಹೇಗೆ ಬಳಸಿದ್ರು ಅನ್ನೋಕೆ ಎರಡು ಉದಾಹರಣೆ. 2017ರ ಅಕ್ಟೋಬರಲ್ಲಿ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾದ ವಾಲಬೀಸ್ ರಗ್ಬಿ ಟೀಮು ನ್ಯೂಜಿಲೆಂಡನ್ನ 23-18 ಸೋಲಿಸ್ತಲ್ಲ, ಅವತ್ತು ಹಾಕಿದ್ದ ಜೆರ್ಸಿ ಕಮಿಲರೋಯ್ ಜನಾಂಗದ ಕಲಾವಿದ ಡೆನಿಸ್ ಗೋಲ್ಡಿಂಗ್ ಅವರದ್ದು, ಅಲ್ಲೀವರೆಗೆ ವಾಲಬೀಸ್‌ಗೆ ಆಡಿದ್ದ 14 ಇಂಡಿಜಿನಸ್ ಆಟಗಾರರನ್ನ ಅದರಲ್ಲಿ ನೆನೆದಿದ್ರು. ಟೋಕಿಯೋ ಒಲಿಂಪಿಕ್ಸ್‌ಗೆ ಆಸ್ಟ್ರೇಲಿಯಾದವ್ರ ಕಿಟ್ ಮೇಲಿನ ಹೆಜ್ಜೆಗುರುತುಗಳು ಬಾಕ್ಸರ್ ಪಾಲ್ ಫ್ಲೆಮಿಂಗ್ ಬರೆದದ್ದು, ಅವರೇ ಒಲಿಂಪಿಯನ್, ಆ ಹೆಜ್ಜೆಗಳು 52 ಇಂಡಿಜಿನಸ್ ಒಲಿಂಪಿಯನ್ನರದ್ದು. ನಿಮ್ಮ ಕ್ಲಬ್‌ಗೂ ಇಂಥದ್ದೇನಾದ್ರೂ ನಿಜವಾದ ಕಥೆ ಇದ್ರೆ, ಗ್ರೌಂಡ್ ಪಕ್ಕ ಹರಿಯೋ ತೊರೆ, ಹಳೇ ಆಟಗಾರ್ರು, ಏನೇ ಇರಲಿ, ಕಲಾವಿದರಿಗೆ ಹೇಳಿ ಬಿಟ್ಬಿಡಿ, ಹೇಗೆ ಬರೀಬೇಕು ಅಂತ ಅವ್ರು ನೋಡ್ಕೋತಾರೆ.

ಬಾವುಟದ ವಿಷಯದಲ್ಲಿ ಸ್ವಲ್ಪ ಎಚ್ಚರ. ಮೇಲೆ ಕಪ್ಪು, ಕೆಳಗೆ ಕೆಂಪು, ಮಧ್ಯ ಹಳದಿ ಸೂರ್ಯ ಇರೋ ಅಬೊರಿಜಿನಲ್ ಬಾವುಟ ಹೆರಾಲ್ಡ್ ಥಾಮಸ್ ಅನ್ನೋ ಕಲಾವಿದರು 1971ರಲ್ಲಿ ಮಾಡಿದ್ದು. 1995ರಲ್ಲಿ ಸರ್ಕಾರ ಅಧಿಕೃತ ಅಂತ ಘೋಷಿಸಿದ್ರೂ ಕಾಪಿರೈಟ್ ಅವರ ಹತ್ರಾನೇ ಇತ್ತು, 1997ರಲ್ಲಿ ಕೋರ್ಟ್ ಕೂಡ ಅದನ್ನ ಒಪ್ಪಿತ್ತು. ಆಮೇಲೆ ಬಟ್ಟೆ ಮೇಲೆ ಬಳಸೋ ಹಕ್ಕು ಒಂದು ಖಾಸಗಿ ಕಂಪನಿಗೆ ಹೋಯ್ತು, ಅವ್ರು ಎಲ್ಲರಿಗೂ ನೋಟಿಸ್ ಕಳಿಸೋಕೆ ಶುರು ಮಾಡಿದ್ರು, ಎಎಫ್ಎಲ್‌ಗೂ ಬಂತು, ಕೊನೆಗೆ 2020ರಲ್ಲಿ ಇಂಡಿಜಿನಸ್ ರೌಂಡ್ ಶರ್ಟುಗಳ ಮೇಲೆ ಇಂಡಿಜಿನಸ್ ಬಾವುಟವೇ ಇಲ್ಲ ಅನ್ನೋ ವಿಚಿತ್ರ ಸ್ಥಿತಿ ಬಂತು. ಬಾವುಟನ ಈ ಹಿಡಿತದಿಂದ ಬಿಡುಗಡೆ ಮಾಡಿ ಅಂತ ದೊಡ್ಡ ಚಳವಳಿನೇ ಆಗಿ 2022ರ ಜನವರಿಯಲ್ಲಿ ಸರ್ಕಾರ 2 ಕೋಟಿ ಡಾಲರ್‌ಗೂ ಮೇಲೆ ಕೊಟ್ಟು ಹಕ್ಕು ಕೊಂಡ್ಕೊಂಡ್ತು. ಈಗ ಶರ್ಟ್ ಮೇಲೆ ಹಾಕೋಕೆ ಯಾರನ್ನೂ ಕೇಳ್ಬೇಕಾಗಿಲ್ಲ, ದುಡ್ಡೂ ಇಲ್ಲ, ಆದ್ರೆ ಅಳತೆ ಬಣ್ಣ ಬದಲಾಯಿಸಿ ಕ್ಲಬ್ ಕಲರ್‌ಗೆ ಮ್ಯಾಚ್ ಮಾಡೋ ಕಿತಾಪತಿ ಬೇಡ. ಟಾರೆಸ್ ಸ್ಟ್ರೇಟ್ ದ್ವೀಪದವರ ಬಾವುಟ ಬೇರೆ, ಹಸಿರು ನೀಲಿ ಮೇಲೆ ಧಾರಿ ಅನ್ನೋ ಬಿಳಿ ಶಿರಸ್ತ್ರಾಣ, ಐದು ಮೂಲೆ ನಕ್ಷತ್ರ, ಬರ್ನಾರ್ಡ್ ನಮೋಕ್ ಮಾಡಿದ್ದು, ಅದರ ಹಕ್ಕು ಅಲ್ಲಿನ ರೀಜನಲ್ ಕೌನ್ಸಿಲ್‌ದು, ಅದಕ್ಕೆ ಪರ್ಮಿಷನ್ ತಗೋಬೇಕು.

ಅಗ್ರಿಮೆಂಟ್ ಬರೆಯೋದು ಬೋರು ಕೆಲಸ, ಆದ್ರೂ ಬಿಡೋ ಹಾಗಿಲ್ಲ. 1994ರಲ್ಲಿ ಒಂದು ಕೇಸು ತೀರ್ಮಾನ ಆಯ್ತು, ಅಬೊರಿಜಿನಲ್ ಕಲಾವಿದರ ಚಿತ್ರಗಳನ್ನ ಕೇಳ್ದೆ ಕದ್ದು ವಿಯೆಟ್ನಾಮಲ್ಲಿ ಕಾರ್ಪೆಟ್ ಮಾಡಿಸಿ ತಂದು ಮಾರಿದ್ರು. ಪವಿತ್ರ ಕಥೆಗಳ ಚಿತ್ರ, ಜನ ಅದರ ಮೇಲೆ ಚಪ್ಪಲಿ ಹಾಕ್ಕೊಂಡು ಓಡಾಡೋದು. ಕೋರ್ಟ್ 1,88,640 ಡಾಲರ್ ಪರಿಹಾರ ಹಾಕ್ತು. ಅದಕ್ಕೂ ಮುಂಚೆ ಎಂಬತ್ತರ ದಶಕದ ಕೊನೆಯಲ್ಲಿ ಜಾನಿ ಬುಲುನ್ ಬುಲುನ್ ಅವರ ತೊಗಟೆ ಚಿತ್ರ ಟೀ ಶರ್ಟ್ ಮೇಲೆ ಬಂದು ಅದೂ ಕೋರ್ಟ್ ಮೆಟ್ಟಿಲು ಹತ್ತಿತ್ತು. ನಿಮ್ಮ ಪುಟ್ಟ ಕ್ಲಬ್ ಮೇಲೆ ಯಾರೂ ಕೇಸ್ ಹಾಕಲ್ಲ ಬಿಡಿ, ಆದ್ರೆ ಬರವಣಿಗೆಯಲ್ಲಿರ್ಲಿ. ಕಾಪಿರೈಟ್ ಕಲಾವಿದರದ್ದೇ ಇರುತ್ತೆ, ಕ್ಲಬ್‌ಗೆ ಇಷ್ಟು ಶರ್ಟ್, ಇಷ್ಟು ಸೀಸನ್ ಅಂತ ಲೈಸೆನ್ಸ್ ಮಾತ್ರ. ಕ್ಯಾಪು, ಬ್ಯಾಗು, ಫೇಸ್‌ಬುಕ್ ಬ್ಯಾನರ್‌ಗೆ ಬಳಸೋ ಹಾಗಿದ್ರೆ ಅದನ್ನೂ ಬರೀರಿ, ಮಾರಾಟ ಇದ್ರೆ ಒಂದೊಂದು ಶರ್ಟಿಗೆ ಇಷ್ಟು ಅಂತ ಪಾಲು. ಪ್ರತೀ ಮಾಕಪ್ (ಶರ್ಟ್ ಹೇಗೆ ಕಾಣುತ್ತೆ ಅನ್ನೋ ಮಾದರಿ ಚಿತ್ರ) ಅವ್ರು ನೋಡಿ ಸರಿ ಅಂದ್ಮೇಲೇ ಪ್ರಿಂಟ್. ಆರ್ಟ್ಸ್ ಲಾ ಸೆಂಟರ್ ಹತ್ರ ಕಲಾವಿದರಿಗೆ ಉಚಿತವಾಗಿ ಸಲಹೆ ಕೊಡೋ ವಿಭಾಗ ಇದೆ, ಅವ್ರಿಗೆ ಅದನ್ನ ನೀವೇ ಹೇಳಿ, ನಿಮ್ಮ ಮೇಲೆ ನಂಬಿಕೆ ಬರುತ್ತೆ.

ಇನ್ನು ನಮ್ಮ ಅಸಲಿ ಕೆಲಸ, ಚಿತ್ರನ ಶರ್ಟ್ ಮೇಲೆ ಕೂರಿಸೋದು. ಹೆಚ್ಚಿನವ್ರು ಮಾಡೋದೇನು ಅಂದ್ರೆ ಕಲಾವಿದರು ಕ್ಯಾನ್ವಾಸ್ ಮೇಲೆ ಚೌಕಾಕಾರದ ಚಿತ್ರ ಬರೆದು ಕೊಟ್ಮೇಲೆ ಅದನ್ನ ಎಳೆದು ಶರ್ಟ್ ಟೆಂಪ್ಲೇಟ್ ಮೇಲೆ ಹೊದಿಸೋದು. ಆಗ ಎದೆ ಮಧ್ಯದ ವೃತ್ತದ ಮೇಲೆ ಸರಿಯಾಗಿ ಸ್ಪಾನ್ಸರ್ ಲೋಗೋ ಬಂದು ಕೂರುತ್ತೆ, ಊರವರೆಲ್ಲ ಸೇರೋ ಜಾಗದ ಮೇಲೆ ಟೈರ್ ಅಂಗಡಿ ಹೆಸರು, ಬೆನ್ನ ಮೇಲೆ ಕಾಂಗರೂ ನಡ್ಕೊಂಡು ಹೋಗ್ತಿದ್ದ ದಾರಿನ 17 ಅನ್ನೋ ನಂಬರ್ ನುಂಗಿ ಹಾಕಿರುತ್ತೆ. ಅದಕ್ಕೆ ಟೆಂಪ್ಲೇಟನ್ನ ಮೊದಲೇ ಕಳಿಸ್ಬೇಕು, ಚಿತ್ರ ಬರೆಯೋಕೆ ಶುರು ಮಾಡೋ ಮುಂಚೆ. ಮುಂದಿನ ಪ್ಯಾನೆಲ್, ಹಿಂದಿನ ಪ್ಯಾನೆಲ್, ತೋಳು, ಕಾಲರ್ ಎಲ್ಲ ನಿಜವಾದ ಅಳತೆಯಲ್ಲಿ, ಲೋಗೋ ಎಲ್ಲಿ ನಂಬರ್ ಎಲ್ಲಿ ಹೊಲಿಗೆ ಎಲ್ಲಿ ಅಂತ ಬೂದು ಬಣ್ಣದಲ್ಲಿ ತೋರಿಸಿ. ಆಗ ಕಲಾವಿದರು ಆ ಖಾಲಿ ಜಾಗನ ಸುತ್ತಿಕೊಂಡು ಕಥೆ ಹರಿಯೋ ಹಾಗೆ ಬರೀತಾರೆ. ಎಎಫ್ಎಲ್ ಆಟಗಾರರ ಶರ್ಟಿಗೆ, ಅಂದ್ರೆ ಗರ್ನ್ಸಿಗೆ, ತೋಳಿಲ್ಲ, ನಂಬರ್ ದೊಡ್ಡದು, ಜಾಗ ಕಮ್ಮಿ. ಕ್ರಿಕೆಟ್ ಶರ್ಟಲ್ಲಿ ತೋಳು ಸಿಗುತ್ತೆ, ಆದ್ರೆ ರ‍್ಯಾಗ್ಲನ್ ತೋಳಾದ್ರೆ ಹೊಲಿಗೆ ಕತ್ತಿನಿಂದ ಕಂಕುಳಿಗೆ ಓರೆಯಾಗಿ ಬರುತ್ತೆ, ಭುಜದ ಮೇಲಿನ ಚಿತ್ರ ಅಲ್ಲೇ ಕತ್ತರಿಸಿ ಹೋಗುತ್ತೆ.

ಪಕ್ಕದ ಹೊಲಿಗೆನ ಹತ್ತಿರದಿಂದ ನೋಡಿ. ಮುಂದಿನಿಂದ ಹಿಂದಕ್ಕೆ ನದಿ ಹರೀತಿದೆ ಅಂತ ಇಟ್ಕೊಳ್ಳಿ, ಎರಡು ಪ್ಯಾನೆಲ್ ಹೊಲಿಯುವಾಗ ಎರಡೂ ಕಡೆ ಸ್ವಲ್ಪ ಸ್ವಲ್ಪ ಬಟ್ಟೆ ಒಳಕ್ಕೆ ಹೋಗುತ್ತೆ, ಹೊಲಿಯೋವ್ರ ಕೈ ಒಂಚೂರು ಮೇಲೆ ಕೆಳಗೆ ಆದ್ರೂ ನದಿ ಮೆಟ್ಟಿಲು ಬಿದ್ದ ಹಾಗೆ ಕಾಣುತ್ತೆ. ಸಣ್ಣ ಚುಕ್ಕಿ ಸಾಲು ಹೊಲಿಗೆ ದಾಟ್ಬಾರ್ದು, ದಾಟಲೇಬೇಕು ಅಂದ್ರೆ ಅಗಲವಾದ ಪಟ್ಟಿ ದಾಟ್ಲಿ, ತಪ್ಪಿದ್ರೂ ಕಾಣಲ್ಲ. ಮನುಷ್ಯರ ಗುರುತು, ಹೆಜ್ಜೆ ಇವನ್ನಂತೂ ಹೊಲಿಗೆಯಿಂದ ದೂರ ಇಡಿ.

ಸೈಜಿನ ತಲೆನೋವು ಬೇರೆ. ಜೂನಿಯರ್ 8ರಿಂದ 4 ಎಕ್ಸ್‌ಎಲ್ ತನಕ ಶರ್ಟ್ ಬೇಕು, ಶರ್ಟ್ ದೊಡ್ಡದಾಗ್ತಾ ಅಗಲ ಬೆಳೆಯೋ ಲೆಕ್ಕ ಬೇರೆ ಉದ್ದ ಬೆಳೆಯೋ ಲೆಕ್ಕ ಬೇರೆ, ಫ್ಯಾಕ್ಟರಿಯವ್ರು ಚಿತ್ರನ ಎರಡೂ ಕಡೆ ಎಳೆದು ಫಿಟ್ ಮಾಡಿದ್ರೆ ವೃತ್ತ ಎಲ್ಲ ಕುಂಬಳಕಾಯಿ ಆಗುತ್ತೆ. ಮುಖ್ಯ ಚಿತ್ರ ಒಂದು ಲೇಯರ್, ಹಿನ್ನೆಲೆ ಇನ್ನೊಂದು ಲೇಯರ್ ಮಾಡಿಸಿ, ಹಿನ್ನೆಲೆ ಸುತ್ತ ಧಾರಾಳವಾಗಿ ಜಾಸ್ತಿ ಇರ್ಲಿ, ಸೈಜ್ ಬದಲಾದಾಗ ಹಿನ್ನೆಲೆ ಹಿಗ್ಗುತ್ತೆ ಕುಗ್ಗುತ್ತೆ, ಚಿತ್ರ ಹಂಗೇ ಇರುತ್ತೆ. ಕ್ಯಾನ್ವಾಸ್ ಮೇಲಿನ ಚಿತ್ರ ಆದ್ರೆ ಮೊಬೈಲಲ್ಲಿ ಫೋಟೋ ತೆಗೆದು ಕಳಿಸಿದ್ದು ಸಾಲಲ್ಲ, ಒಳ್ಳೆ ಸ್ಕ್ಯಾನ್ ಮಾಡಿಸಿ, ಪೂರ್ತಿ ಅಳತೆಯಲ್ಲಿ 150 ಡಿಪಿಐ ಆದ್ರೂ ಇರ್ಲಿ. ಆಟೋ ಟ್ರೇಸ್ ಒತ್ತಿ ವೆಕ್ಟರ್ ಮಾಡಿದ್ರೆ ಕೈಯಲ್ಲಿ ಇಟ್ಟ ಚುಕ್ಕಿ ಎಲ್ಲ ಒಂದೇ ಅಳತೆಯ ಗುಂಡಿ ಥರ ಆಗೋಗುತ್ತೆ, ಅದರ ಜೀವವೇ ಹೋಗುತ್ತೆ.

ಪ್ರಿಂಟಿಂಗ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಇದೆಲ್ಲ ಸಬ್ಲಿಮೇಷನ್, ಪೇಪರ್ ಮೇಲಿನ ಇಂಕು ಸುಮಾರು 200 ಡಿಗ್ರಿ ಬಿಸಿಗೆ ಆವಿಯಾಗಿ ಪಾಲಿಯೆಸ್ಟರ್ ಒಳಗೆ ಹೋಗುತ್ತೆ. ಬಿಳಿ ಇಂಕು ಅನ್ನೋದೇ ಇಲ್ಲ, ಬಟ್ಟೆಯ ಬಿಳಿಯೇ ಬಿಳಿ. ಕಪ್ಪು ಹಿನ್ನೆಲೆ ಬಟ್ಟೆ ಎಳೆದಾಗ ಬೆಳ್ಳಗೆ ಕಾಣುತ್ತೆ. ಕೆಮ್ಮಣ್ಣಿನ ಬಣ್ಣ, ಓಕರ್ ಅಂತಾರಲ್ಲ, ಸ್ಕ್ರೀನಲ್ಲಿ ಚೆನ್ನಾಗಿರುತ್ತೆ, ಬಟ್ಟೆ ಮೇಲೆ ಒಂದೋ ಕಿತ್ತಳೆ ಇಲ್ಲ ಚಾಕೊಲೇಟ್. ಮಣ್ಣಿನ ಬಣ್ಣ ತಪ್ಪಿದ್ರೆ ಅದು ಯಾರ ಮಣ್ಣೂ ಅಲ್ಲ, ಅದಕ್ಕೆ ತಿರುಪ್ಪೂರಿಂದಲೋ ಎಲ್ಲಿಂದಲೋ ಒಂದು ಅಡಿ ಬಟ್ಟೆ ಸ್ಯಾಂಪಲ್ ಹೊಡೆಸಿ, ಕೊರಿಯರ್ ಖರ್ಚು ಅಂತ ನೋಡ್ದೆ ಕಲಾವಿದರ ಕೈಗೆ ಮುಟ್ಟಿಸಿ, ಬಿಸಿಲಲ್ಲಿ ಹಿಡಿದು ನೋಡಿ ಅಂತ ಹೇಳಿ. ಫೋಟೋ ತೆಗೆದು ವಾಟ್ಸಾಪ್ ಮಾಡಿದ್ರೆ ಸಾಲಲ್ಲ.

ಸ್ಪಾನ್ಸರ್ ವಿಷಯ ಮುಜುಗರದ್ದು, ಆದ್ರೂ ಮೊದಲೇ ಮಾತಾಡಿ. ಬಿಯರ್ ಕಂಪನಿ, ಬೆಟ್ಟಿಂಗ್ ಆ್ಯಪ್, ಗಣಿ ಕಂಪನಿ, ಇವುಗಳ ಲೋಗೋ ಪಕ್ಕ ತಮ್ಮ ಕಥೆ ಬೇಡ ಅಂತ ಕಲಾವಿದರು ಹೇಳಬಹುದು, ಹೇಳೋ ಹಕ್ಕು ಅವ್ರಿಗಿದೆ. ಆ ಒಂದು ಮ್ಯಾಚಿಗೆ ಲೋಗೋನ ಒಂದೇ ಬಣ್ಣದಲ್ಲಿ ಸಣ್ಣದು ಮಾಡಿ ತೋಳಿಗೆ ಸರಿಸ್ತೀರಾ ಅಂತ ಸ್ಪಾನ್ಸರ್‌ನ ಕೇಳಿ ನೋಡಿ, ಎಷ್ಟೋ ಜನ ಒಪ್ತಾರೆ. ಸಾಕ್ಸ್ ಮೇಲೆ, ಚಡ್ಡಿ ಹಿಂಭಾಗಕ್ಕೆ ಚಿತ್ರ ಮುಂದುವರೆಸೋದು ನಾನಂತೂ ಮಾಡಲ್ಲ, ಕಾರ್ಪೆಟ್ ಕೇಸ್ ಓದಿದ್ಮೇಲೆ ಇನ್ನೂ ಇಲ್ಲ.

ಕಲಾವಿದರ ಹೆಸರು, ಅವರ ಜನಾಂಗದ ಹೆಸರು ಶರ್ಟ್ ಮೇಲೇ ಇರ್ಲಿ, ಕೆಳಗಿನ ಅಂಚಲ್ಲೋ ಕತ್ತಿನ ಒಳಗಡೆಯೋ. ಟ್ಯಾಗ್ ಮೇಲೆ ಕಥೆ ಅವರ ಮಾತಲ್ಲೇ, ನೀವು ತಿದ್ದಿ ಚಂದ ಮಾಡೋಕೆ ಹೋಗ್ಬೇಡಿ. ಮ್ಯಾಚಿಗೆ ಮುಂಚೆ ಆಟಗಾರರನ್ನ ಕೂರಿಸಿ ಕಲಾವಿದರ ಕೈಲೇ ಕಥೆ ಹೇಳಿಸಿ, ಬಂದಿದ್ದಕ್ಕೆ ಬೇರೆ ದುಡ್ಡು ಕೊಡಿ, ಅದು ಚಿತ್ರದ ಫೀಸಲ್ಲಿ ಸೇರಲ್ಲ. ತೀರಿಕೊಂಡವರ ಹೆಸರು, ಫೋಟೋ ಹಾಕೋ ಹಾಗಿದ್ರೆ ಮನೆಯವರನ್ನ ಕೇಳ್ಲೇಬೇಕು, ಎಷ್ಟೋ ಕಡೆ ಸತ್ತವರ ಹೆಸರು ಹೇಳೋ ಹಾಗಿಲ್ಲ. ಎಎಫ್ಎಲ್ ತನ್ನ ರೌಂಡ್‌ಗೆ ಯೋರ್ಟಾ ಯೋರ್ಟಾ ಜನಾಂಗದ ಆಟಗಾರ, ಪಾದ್ರಿ, ಆಮೇಲೆ ಸೌತ್ ಆಸ್ಟ್ರೇಲಿಯಾ ಗವರ್ನರ್ ಕೂಡ ಆದ ಸರ್ ಡಗ್ ನಿಕಲ್ಸ್ ಹೆಸರು 2016ರಲ್ಲಿ ಇಡ್ತು, ಮೆಲ್ಬರ್ನ್ ಕ್ಲಬ್ 2022ರಿಂದ ಆ ರೌಂಡಲ್ಲಿ ನಾರ್ಮ್ ಅನ್ನೋ ಊರಿನ ಮೂಲ ಹೆಸರಲ್ಲೇ ಆಡುತ್ತೆ. ಲೋಕಲ್ ಕ್ಲಬ್‌ಗಳೂ ಹಂಗೇ ಹೆಸರು ಬದಲಾಯಿಸೋ ಆಸೆ ಇದ್ರೆ ಆ ಭಾಷೆಯವರ ಸಂಸ್ಥೆಯನ್ನ ಕೇಳಿ, ಅನುಮತಿ ಇಲ್ಲದೆ ಪದ ಎತ್ಕೋಬೇಡಿ. ಆಟಗಾರರಲ್ಲಿ ಯಾರಾದ್ರೂ "ಇದೆಲ್ಲ ಯಾಕೆ, ಆಡೋಕೆ ಬಂದಿರೋದು" ಅಂತ ಗೊಣಗಿದ್ರೆ 1993ರ ಏಪ್ರಿಲ್ 17ರ ಆ ಫೋಟೋ ತೋರಿಸಿ. ಕಾಲಿಂಗ್‌ವುಡ್ ಅಭಿಮಾನಿಗಳು ಮ್ಯಾಚ್ ಪೂರ್ತಿ ಬಣ್ಣ ಹಿಡಿದು ಬೈದದ್ದಕ್ಕೆ ಸೇಂಟ್ ಕಿಲ್ಡಾ ಟೀಮಿನ ಅಬೊರಿಜಿನಲ್ ಆಟಗಾರ ನಿಕಿ ವಿನ್ಮಾರ್ ಶರ್ಟ್ ಎತ್ತಿ ತನ್ನ ಮೈ ಬಣ್ಣದ ಕಡೆ ಬೆರಳು ತೋರಿಸಿ ನಿಂತಿರೋದು.

ಮ್ಯಾಚ್ ಮುಗಿದ್ಮೇಲೆ ಶರ್ಟ್ ಮಿಕ್ಕಿದ್ರೆ ಅರ್ಧ ರೇಟಿಗೆ ರಾಶಿ ಹಾಕೋಕೆ ಮುಂಚೆ ಕಲಾವಿದರಿಗೆ ಒಂದು ಫೋನ್ ಮಾಡಿ, ಅವರ ಕುಟುಂಬಕ್ಕೋ ಊರಿನ ಮಕ್ಕಳ ಟೀಮಿಗೋ ಬೇಕಾಗಬಹುದು. ಎಲ್ಲರಿಗೂ ಇಷ್ಟ ಆಯ್ತು ಮುಂದಿನ ವರ್ಷಾನೂ ಇದೇ ಹೊಡೆಸೋಣ ಅಂದ್ರೆ ಫೈಲ್ ನಿಮ್ಮ ಲ್ಯಾಪ್‌ಟಾಪಲ್ಲಿದೆ ಅಂತ ಸುಮ್ನೆ ಫ್ಯಾಕ್ಟರಿಗೆ ಕಳಿಸೋ ಹಾಗಿಲ್ಲ, ಹೊಸ ಲೈಸೆನ್ಸು, ಹೊಸ ಫೀಸು. ಫ್ಯಾಕ್ಟರಿಯವರಿಗೂ ಹೇಳಿಡಿ, ಆ ಫೈಲ್ ಅವರ ಕ್ಯಾಟಲಾಗಲ್ಲಿ "ಟ್ರೈಬಲ್ ಡಿಸೈನ್ ನಂಬರ್ 6" ಅಂತ ಬೇರೆ ಗಿರಾಕಿಗೆ ತೋರಿಸ್ಬಾರ್ದು ಅಂತ, ಇದನ್ನ ಪರ್ಚೇಸ್ ಆರ್ಡರ್‌ನಲ್ಲೇ ಬರೆದ್ರೆ ಒಳ್ಳೇದು.